ನೀವು ಕೇಳಿದ್ದು: ಅರಿಶಿನಕ್ಕೂ ಬಂತು ನ್ಯಾನೊ

ಈ ತಿಂಗಳು ಬಂದ ಕಾಗದ, ವಾಟ್ಸಾಪ್ ಮೆಸೇಜ್ ಎಲ್ಲ ಒಟ್ಟು ಮಾಡಿ ಕೂತಾಗ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ನ್ಯಾನೊ ಅರಿಶಿನ, ನ್ಯಾನೊ ವಿಟಮಿನ್, ಸೊಸೈಟಿ ಅಕ್ಕಿಯಲ್ಲಿ ನ್ಯಾನೊ ಉಂಟಾ ಅಂತ ಸಹ ಒಬ್ಬರು ಕೇಳಿದ್ದಾರೆ. ಮಂಗಳೂರಲ್ಲಿ ಈಗ ಮೆಡಿಕಲ್ ಕೌಂಟರ್ ಮೇಲೆ ಆ ಶಬ್ದ ಬರೆದ ಬಾಟ್ಲಿ ಕಾಣ್ತದೆ, ಜನ ಕೇಳುದು ಸಹಜವೇ. ನಾನು ಕಾಲೇಜಲ್ಲಿ ಎಷ್ಟೋ ವರ್ಷ ಆಹಾರ ವಿಜ್ಞಾನ ಪಾಠ ಮಾಡಿದವಳು, ಈ ವಿಷಯ ನನಗೆ ತುಂಬ ಇಷ್ಟದ್ದು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗ ಬೆಂಗಳೂರಿಂದ ಬರುವಾಗ ನ್ಯಾನೊ ಕರ್ಕ್ಯುಮಿನ್ ಅಂತ ಒಂದು ಬಾಟ್ಲಿ ತಂದಿದ್ದಾನೆ, ನನ್ನ ಗಂಟುನೋವಿಗೆ ಒಳ್ಳೇದಂತೆ. ನಾವು ಸಾರಿಗೆ, ಪಲ್ಯಕ್ಕೆ, ಗಸಿಗೆ ಎಲ್ಲದಕ್ಕೂ ಅರಿಶಿನ ಹಾಕುವವರು, ಮತ್ತೆ ಇದು ಎಂತಕ್ಕೆ? ನ್ಯಾನೊ ಅಂದ್ರೆ ಎಂತದ್ದು? — ಗೃಹಿಣಿ, ಉಡುಪಿ

ಉತ್ತರ: ಅಮ್ಮಾ, ಕೊನೆಯ ಪ್ರಶ್ನೆ ಮೊದಲು ತಗೊಳ್ತೇನೆ. ನ್ಯಾನೊ ಅನ್ನುದು ಒಂದು ಪದಾರ್ಥದ ಹೆಸರಲ್ಲ, ಅಳತೆ ಅಷ್ಟೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್ ಬರ್ತದೆ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಕ್ಕೆ ನ್ಯಾನೊ ಅಂತಾರೆ, ಆದರೆ ಆಹಾರದವರು ಇನ್ನೂರು ಮುನ್ನೂರರವರೆಗೂ ಆ ಹೆಸರಲ್ಲೇ ಕರಿಯುದುಂಟು.

ಅಷ್ಟು ಸಣ್ಣ ಮಾಡಿದ್ರೆ ಎಂತ ಲಾಭ? ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ತುಂಡು ಬೆಲ್ಲ ಅಂತ ಇಟ್ಕೊಳ್ಳಿ, ಅದರ ಆರೂ ಬದಿ ಸೇರಿಸಿದ್ರೆ 6 ಚದರ ಸೆಂಟಿಮೀಟರ್, ಒಂದು ದೊಡ್ಡ ಸ್ಟಾಂಪಿನಷ್ಟು. ಅದೇ ಬೆಲ್ಲವನ್ನು 1 ನ್ಯಾನೊಮೀಟರಿನ ತುಂಡು ತುಂಡು ಮಾಡಿದಿರಿ ಅಂತಾದ್ರೆ ಎಲ್ಲ ತುಂಡುಗಳ ಮೈ ಸೇರಿ 6000 ಚದರ ಮೀಟರ್ ಆಗ್ತದೆ, ನಮ್ಮ ಊರಿನ ಲೆಕ್ಕದಲ್ಲಿ ಹೇಳುದಾದ್ರೆ ಹೆಚ್ಚುಕಡಿಮೆ 148 ಸೆಂಟ್ಸ್ ಜಾಗ! ಬೆಲ್ಲ ಅಷ್ಟೇ, ತೂಕ ಅಷ್ಟೇ, ಆದರೆ ನೀರಿಗೆ, ಜೀರ್ಣರಸಕ್ಕೆ ತಾಗುವ ಮೈ ಒಂದೂವರೆ ಎಕ್ರೆ ಹತ್ತಿರ. ಪಾಠ ಮಾಡುವಾಗ ಈ ಲೆಕ್ಕ ಬೋರ್ಡಲ್ಲಿ ಹಾಕಿದ್ರೆ ಹಿಂದಿನ ಬೆಂಚಿನವರು ಸಹ ತಲೆ ಎತ್ತಿ ನೋಡ್ತಿದ್ರು.

ಈಗ ಅರಿಶಿನಕ್ಕೆ ಬರುವ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶವೇ ಕರ್ಕ್ಯುಮಿನ್, ಅದು ಇರುದು ನೂರಕ್ಕೆ ಮೂರು ಪಾಲು ಅಂದಾಜು. ಅದು ನೀರಲ್ಲಿ ಕರಗುದಿಲ್ಲ, ಎಣ್ಣೆಯಲ್ಲಿ ಕರಗ್ತದೆ, ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚಿನದ್ದು ಹಾಗೇ ಹೊರಗೆ ಹೋಗ್ತದೆ, ಹೀರಿಕೊಂಡ ಚೂರನ್ನು ಸಹ ಕರುಳಿನ ಗೋಡೆ ಮತ್ತೆ ಲಿವರ್ ಸೇರಿ ಬೇಗ ಬದಲಾಯಿಸಿ ಹೊರಗೆ ಹಾಕ್ತವೆ. ಸುಲ್ತಾನ್ ಬತ್ತೇರಿಯಲ್ಲಿ ನಿಂತು ತಣ್ಣೀರುಬಾವಿ ನೋಡಿದ ಹಾಗೆ ಇದು, ಆಚೆ ದಡ ಎದುರಿಗೇ ಕಾಣ್ತದೆ, ದೋಣಿ ಇಲ್ಲದೆ ದಾಟುದು ಹೇಗೆ? ನ್ಯಾನೊ ಕಂಪನಿಯವರು ಮಾಡುದು ಈ ದೋಣಿಯ ಕೆಲಸ. ಕರ್ಕ್ಯುಮಿನನ್ನು ಎಣ್ಣೆಯಲ್ಲಿ ಕರಗಿಸಿ, ಎಣ್ಣೆ-ನೀರನ್ನು ಬೆರೆಸಿ ಹಿಡಿಯುವ ಲೆಸಿತಿನ್ ಅಥವಾ ಹಾಲಿನ ಪ್ರೋಟೀನ್ ತರದ್ದು ಸೇರಿಸಿ, ಜೋರು ಒತ್ತಡದ ಹೋಮೊಜೆನೈಸರಲ್ಲಿ ಹಾಯಿಸಿ ಎಣ್ಣೆಯ ಹನಿಯನ್ನು ನೂರಿನ್ನೂರು ನ್ಯಾನೊಮೀಟರಿಗೆ ಇಳಿಸ್ತಾರೆ. ಇದಕ್ಕೆ ನ್ಯಾನೊ ಎಮಲ್ಷನ್ ಅಂತ ಹೆಸರು. ಹನಿ ತೀರಾ ಸಣ್ಣ ಆದ್ರೆ ಬೆಳಕನ್ನು ಚದುರಿಸುದು ಕಡಿಮೆ ಆಗಿ, ಎಣ್ಣೆ ಇದ್ದೂ ನೀರಿನ ಹಾಗೆ ತಿಳಿಯಾಗಿ ಕಾಣ್ತದೆ, ಜ್ಯೂಸಿಗೆ ಹಾಕ್ಲಿಕ್ಕೂ ಆಗ್ತದೆ.

ಆದರೆ ದೋಣಿ ಅವರು ಮಾತ್ರ ಕಟ್ಟಿದ್ದಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರ ಒಂದು ಅಧ್ಯಯನ ಬಂತು. ಬರೇ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಮನುಷ್ಯರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲ ಅನ್ನುವಷ್ಟು ಕಡಿಮೆ, ಅದರ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇ. 2000 ಏರಿಕೆ! ಕರುಳು ಮತ್ತೆ ಲಿವರ್ ಅದನ್ನು ಹೊರಗೆ ಹಾಕುವ ಕೆಲಸವನ್ನು ಪೈಪರಿನ್ ಸ್ವಲ್ಪ ಹೊತ್ತು ತಡೀತದೆ. ನೀವು ತೆಂಗಿನಕಾಯಿ ಅರೆದು, ಒಳ್ಳೆಮೆಣಸು (ಕರಿಮೆಣಸು) ಹಾಕಿ, ಮೇಲಿಂದ ಎಣ್ಣೆ ಒಗ್ಗರಣೆ ಕೊಟ್ಟು ಮಾಡುವ ಅಡಿಗೆಯಲ್ಲಿ ಎಣ್ಣೆಯೂ ಉಂಟು, ಪೈಪರಿನೂ ಉಂಟು. ಕ್ಯಾಪ್ಸೂಲಿನಷ್ಟು ಡೋಸ್ ಖಂಡಿತ ಇಲ್ಲ, ಆದರೆ ಇದು ದಿನಾ ಊಟದ ವಿಷಯ, ಅದು ಮದ್ದಿನ ವಿಷಯ, ಎರಡನ್ನು ಒಂದೇ ತಕ್ಕಡಿಗೆ ಹಾಕ್ಬಾರ್ದು.

ಇದನ್ನು ಮಗನಿಗೆ ಓದಿ ಹೇಳಿ. ದೋಣಿ ಒಳ್ಳೇದಾದಷ್ಟು ಆಚೆ ದಡಕ್ಕೆ ಇಳಿಯುವ ಸಾಮಾನು ಜಾಸ್ತಿ. ಬಣ್ಣಕ್ಕೆ ಅಂತ ಹಾಕುವ ಕರ್ಕ್ಯುಮಿನಿಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇಟ್ಟ ಮಿತಿ ದಿನಕ್ಕೆ ದೇಹದ ಪ್ರತಿ ಕಿಲೋಗೆ 3 ಮಿಲಿಗ್ರಾಂ, ಅಂದ್ರೆ 60 ಕಿಲೋ ಇದ್ದವರಿಗೆ 180 ಮಿಲಿಗ್ರಾಂ. ಅದು ಸಾದಾ ಕರ್ಕ್ಯುಮಿನಿನ ಲೆಕ್ಕ, ಹತ್ತಿಪ್ಪತ್ತು ಪಟ್ಟು ಜಾಸ್ತಿ ಹೀರುವ ಹಾಗೆ ಮಾಡಿದ್ದನ್ನು ಅದೇ ಲೆಕ್ಕದಲ್ಲಿ ನುಂಗ್ಬಾರ್ದು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಸಪ್ಲಿಮೆಂಟ್ ತಗೊಂಡ ಹಲವರಿಗೆ ಲಿವರ್ ಉರಿಯೂತ ಬಂದು ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡ್ಬೇಕಾಯ್ತು. ಸಾರಿಗೆ ಅರಿಶಿನ ಹಾಕಿ ಲಿವರ್ ಹಾಳಾದವರನ್ನು ನಾನು ಕಂಡಿಲ್ಲ. ನಿಮಗೆ ರಕ್ತ ತೆಳು ಮಾಡುವ ಮಾತ್ರೆ ಇದ್ರೆ, ಪಿತ್ತಕೋಶದಲ್ಲಿ ಕಲ್ಲಿದ್ರೆ, ಫಿಟ್ಸಿನ ಮದ್ದು ತಗೊಳ್ತಿದ್ರೆ ಡಾಕ್ಟರಿಗೆ ಬಾಟ್ಲಿ ತೋರಿಸದೆ ಶುರು ಮಾಡ್ಬೇಡಿ. ಅಂತದ್ದು ಎಂತದೂ ಇಲ್ಲ ಅಂತಾದ್ರೂ ಡಾಕ್ಟರಿಗೆ ಒಂದು ಮಾತು ಹೇಳಿ, ಎರಡು ತಿಂಗಳು ತಗೊಂಡು ನೋವಿನಲ್ಲಿ ವ್ಯತ್ಯಾಸ ಕಾಣದಿದ್ರೆ ನಿಲ್ಲಿಸಿ. ಮಗ ಪ್ರೀತಿಯಿಂದ ತಂದದ್ದು, ಬೈಬೇಡಿ.

ಪ್ರಶ್ನೆ: ನಾವು ಮೀನಿನ ವ್ಯಾಪಾರದವರು. ಮೀನೆಣ್ಣೆಯನ್ನು ನ್ಯಾನೊ ಮಾಡಿ ಬ್ರೆಡ್ಡಿಗೆ, ಹಾಲಿಗೆ ಎಲ್ಲ ಸೇರಿಸ್ತಾರೆ, ಇನ್ನು ಮೀನು ತಿನ್ನುದೇ ಬೇಡ ಅಂತ ಒಬ್ಬರು ಹೇಳಿದ್ರು. ಹೌದಾ? ಮತ್ತೆ ಸಿಗಡಿ ಸಿಪ್ಪೆಯಿಂದ ಸಹ ಏನೋ ಮಾಡ್ತಾರಂತೆ. — ಮಲ್ಪೆ

ಉತ್ತರ: ಅಣ್ಣಾ, ಮೀನು ಬೇಡ ಅಂತ ಹೇಳುವ ದಿನ ಬರುದಿಲ್ಲ, ಹೆದರ್ಬೇಡಿ. ಬೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿ ಉಂಟು, ಅದರ ಜೊತೆಗೆ ಪ್ರೋಟೀನ್, ವಿಟಮಿನ್ ಡಿ, ಮುಳ್ಳು ಸಮೇತ ಅಗಿದು ತಿಂದ್ರೆ ಕ್ಯಾಲ್ಸಿಯಂ, ಇಷ್ಟೆಲ್ಲ ಒಂದು ಕ್ಯಾಪ್ಸೂಲಲ್ಲಿ ತುಂಬಿಸ್ಲಿಕ್ಕೆ ಆಗುದಿಲ್ಲ.

ಆದರೆ ಮೀನೇ ತಿನ್ನದವರು ಉಡುಪಿಯಲ್ಲೇ ಎಷ್ಟು ಜನ ಇಲ್ಲ? ಅಂತವರಿಗೆ ಹಾಲು, ಮೊಸರು, ಬ್ರೆಡ್ಡಿನ ಮೂಲಕ ಒಮೆಗಾ-3 ಮುಟ್ಟಿಸುವ ಆಲೋಚನೆ ಒಳ್ಳೇದೇ, ಅದಕ್ಕೆ ಪಾಚಿಯಿಂದ ತೆಗೆದ ಎಣ್ಣೆಯೂ ಉಂಟು. ಕಷ್ಟ ಎಂತ ಅಂದ್ರೆ ಈ ಎಣ್ಣೆ ಗಾಳಿ ತಾಗಿದ್ರೆ ಬೇಗ ಕಮಟು ಹಿಡೀತದೆ, ನಿಮಗೆ ಹೇಳಿ ಕೊಡ್ಬೇಕಾ ಅದನ್ನು. ಹಾಗಾಗಿ ಎಣ್ಣೆಯ ಹನಿಗೆ ಪ್ರೋಟೀನಿನದ್ದೋ ಪಿಷ್ಟದ್ದೋ ಒಂದು ಅಂಗಿ ತೊಡಿಸಿ ಮುಚ್ಚುದು. ಇಲ್ಲೊಂದು ವಿಷಯ ಜಾಹೀರಾತಿನವರು ಹೇಳುದಿಲ್ಲ: ಹನಿ ಸಣ್ಣ ಆದಷ್ಟು ಮೈ ಜಾಸ್ತಿ ಅಂತ ಮೇಲೆ ಹೇಳಿದೆ ಅಲ್ವಾ, ಗಾಳಿ ತಾಗುವ ಮೈಯೂ ಜಾಸ್ತಿಯೇ, ಅಂದ್ರೆ ಅಂಗಿ ಸರಿ ಇಲ್ಲದಿದ್ರೆ ನ್ಯಾನೊ ಮೀನೆಣ್ಣೆ ಸಾದಾ ಮೀನೆಣ್ಣೆಗಿಂತ ಬೇಗ ಹಾಳಾಗ್ತದೆ. ಕ್ಯಾಪ್ಸೂಲ್ ಒಡೆದಾಗ ಹಳೇ ಎಣ್ಣೆಯ ವಾಸನೆ ಬಂದ್ರೆ ಡೇಟ್ ನೋಡ್ಲಿಕ್ಕೆ ಹೋಗ್ಬೇಡಿ, ಬಿಸಾಡಿ.

ಸಿಪ್ಪೆಯ ವಿಷಯ ನಿಜ, ನನಗೆ ಖುಷಿ ಕೊಡುವ ವಿಷಯವೂ ಹೌದು. ಸಿಗಡಿ, ಏಡಿಯ ಚಿಪ್ಪಲ್ಲಿ ಕೈಟಿನ್ ಅಂತ ಒಂದು ನಾರಿನಂತ ವಸ್ತು ಉಂಟು. ಆಸಿಡಲ್ಲಿ ಸುಣ್ಣದ ಅಂಶ ತೆಗೆದು, ಕ್ಷಾರದಲ್ಲಿ ಪ್ರೋಟೀನ್ ತೆಗೆದು, ಮತ್ತೆ ಗಟ್ಟಿ ಕ್ಷಾರದಲ್ಲಿ ಬಿಸಿ ಮಾಡಿದ್ರೆ ಕೈಟೋಸಾನ್ ಸಿಗ್ತದೆ. ಅದನ್ನು ತೆಳು ಆಸಿಡಲ್ಲಿ ಕರಗಿಸಿ ಟ್ರೈಪಾಲಿಫಾಸ್ಫೇಟ್ ಅನ್ನುವ ಲವಣದ ನೀರು ಹನಿ ಹನಿ ಬಿಟ್ರೆ ತಾನಾಗಿ ನ್ಯಾನೊ ಉಂಡೆ ಕಟ್ತದೆ, ಅದರೊಳಗೆ ವಿಟಮಿನ್ ಕೂರಿಸ್ಬಹುದು. ಬಂದರಿನಲ್ಲಿ ನಾರುವ ರಾಶಿ ಸಿಪ್ಪೆ ಇಷ್ಟು ಬೆಲೆಯ ವಸ್ತು ಆಗ್ತದೆ ಅಂದ್ರೆ ನಮ್ಮ ಕರಾವಳಿಗೆ ಅದು ಸಣ್ಣ ಸಂಗತಿ ಅಲ್ಲ. ಆದರೆ ಸಿಗಡಿ ಅಲರ್ಜಿ ಇದ್ದವರಿಗೆ ಮತ್ತು ಸಸ್ಯಾಹಾರಿಗಳಿಗೆ ಇದು ಗೊತ್ತಾಗ್ಲೇಬೇಕು. ಪ್ಯಾಕೆಟಿನ ಮೇಲೆ ಚೌಕದೊಳಗೆ ಕಂದು ತ್ರಿಕೋನ ಉಂಟಾ ಹಸಿರು ಚುಕ್ಕೆ ಉಂಟಾ ನೋಡಿ. ಅಣಬೆ, ಶಿಲೀಂಧ್ರದಿಂದ ತೆಗೆದ ಕೈಟೋಸಾನ್ ಸಹ ಉಂಟು, ಅದಾದ್ರೆ ತೊಂದರೆ ಇಲ್ಲ.

ಪ್ರಶ್ನೆ: ಸೊಸೈಟಿ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲ್ತದೆ. ಅದು ಪ್ಲಾಸ್ಟಿಕ್ ಅಂತ ಮೊದಲು ಹೇಳಿದ್ರು, ಈಗ ನ್ಯಾನೊ ಕಬ್ಬಿಣ ಹಾಕಿದ ಅಕ್ಕಿ ಅಂತ ಹೇಳ್ತಾರೆ. ಮಕ್ಕಳಿಗೆ ಕೊಡ್ಬಹುದಾ? — ಬಂಟ್ವಾಳ

ಉತ್ತರ: ಕೊಡಿ, ಧೈರ್ಯದಲ್ಲಿ ಕೊಡಿ. ಅದು ಪ್ಲಾಸ್ಟಿಕೂ ಅಲ್ಲ, ನ್ಯಾನೊನೂ ಅಲ್ಲ, ಫಾರ್ಟಿಫೈಡ್ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಲವಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಶಾವಿಗೆ ಒತ್ತಿದ ಹಾಗೆ ಒತ್ತಿ ಅಕ್ಕಿಯ ಆಕಾರಕ್ಕೆ ಕತ್ತರಿಸುದು, ಮತ್ತೆ 100 ಕಿಲೋ ಅಕ್ಕಿಗೆ ಅಂತ ಕಾಳು 1 ಕಿಲೋ ಬೆರೆಸುದು. ಹಗುರ ಇರುದರಿಂದ ಕೆಲವು ತೇಲ್ತವೆ, ದಯವಿಟ್ಟು ಹೆಕ್ಕಿ ಬಿಸಾಡ್ಬೇಡಿ, ಪೌಷ್ಟಿಕಾಂಶ ಇರುದೇ ಅದರಲ್ಲಿ. ಒಂದು ಕಿಲೋ ಬೆರೆಸಿದ ಅಕ್ಕಿಯಲ್ಲಿ ಕಬ್ಬಿಣ 28ರಿಂದ 42.5 ಮಿಲಿಗ್ರಾಂ ಇರ್ಬೇಕು ಅಂತ ನಿಯಮ. ಅದಕ್ಕೆ ಹಾಕುದು ಫೆರಿಕ್ ಪೈರೋಫಾಸ್ಫೇಟ್, ಅದರ ಪುಡಿ ಕೆಲವು ಮೈಕ್ರಾನ್ ಗಾತ್ರದ್ದು, ಒಂದು ಮೈಕ್ರಾನ್ ಅಂದ್ರೆ 1000 ನ್ಯಾನೊಮೀಟರ್. ನೀರಲ್ಲಿ ಕರಗದ ಕಾರಣ ಅನ್ನದ ಬಣ್ಣ, ರುಚಿ ಕೆಡುದಿಲ್ಲ, ಆದರೆ ಅದೇ ಕಾರಣಕ್ಕೆ ದೇಹ ಹೀರುದು ಕಡಿಮೆ, ಹಾಗಾಗಿಯೇ ಕಬ್ಬಿಣವನ್ನು ಇನ್ನೂ ಸಣ್ಣ ಮಾಡಿ ಕೊಡುವ ಪ್ರಯೋಗ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನ ಇಟಿಎಚ್ ವಿಶ್ವವಿದ್ಯಾಲಯದ ತರದ ಸಂಸ್ಥೆಗಳಲ್ಲಿ ನಡೆದದ್ದು. ತಲಸ್ಸೀಮಿಯಾ (ಹುಟ್ಟಿನಿಂದ ಬರುವ ಒಂದು ರಕ್ತದ ಕಾಯಿಲೆ) ಇರುವ ಮಕ್ಕಳಿದ್ರೆ ಮಾತ್ರ ಡಾಕ್ಟರ ಹತ್ತಿರ ಕೇಳಿ.

ಮಾತಿನ ಮಧ್ಯೆ ಒಂದು ಹೇಳ್ತೇನೆ, ನಮ್ಮ ಕುಚ್ಚಲಕ್ಕಿಯೇ ಹಳೇ ಕಾಲದ ಫಾರ್ಟಿಫೈಡ್ ಅಕ್ಕಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತವುಡಿನಲ್ಲಿರುವ ಬಿ1 ವಿಟಮಿನ್ ಒಳಗೆ ಕಾಳಿಗೆ ಇಳಿತದೆ, ಮತ್ತೆ ಮಿಲ್ಲಲ್ಲಿ ಪಾಲಿಶ್ ಮಾಡಿದ್ರೂ ಪೂರ್ತಿ ಹೋಗುದಿಲ್ಲ. ಕುಚ್ಚಲಕ್ಕಿ ತಿನ್ನುವ ಕಡೆ, ಬಿ1 ಸಾಲದೆ ಬರುವ ಬೆರಿಬೆರಿ ಕಾಯಿಲೆ ಕಡಿಮೆ ಇದ್ದದ್ದು ಹಾಗಾಗಿ. ತೆಳಿ ಚೆಲ್ಲಬೇಡಿ, ಕರಗಿದ ಪಾಲು ಅದರಲ್ಲಿ ಉಂಟು, ಉಪ್ಪು ಹಾಕಿ ಕುಡಿಯಿರಿ.

ಪ್ರಶ್ನೆ: ಡಾಕ್ಟರು ವಿಟಮಿನ್ ಡಿ3 ನ್ಯಾನೊ ಅಂತ ಸಣ್ಣ ಬಾಟ್ಲಿ ಬರೆದು ಕೊಟ್ಟಿದ್ದಾರೆ, 60,000 ಅಂತ ಉಂಟು. ಕುಡೀಲಿಕ್ಕೆ ರುಚಿ ಉಂಟು. ಜಾಸ್ತಿ ತಗೊಂಡ್ರೆ ಬೇಗ ಗುಣ ಆಗ್ತದಾ? — ಕುಂದಾಪುರ

ಉತ್ತರ: ಇಲ್ಲ, ಇಲ್ಲ, ಇಲ್ಲ. ನಿಮ್ಮ ಮೆಸೇಜ್ ನೋಡಿ ನನಗೆ ನಮ್ಮ ಮನೆಯದ್ದೇ ನೆನಪಾಯ್ತು. ನನ್ನ ಚಿಕ್ಕಮ್ಮನಿಗೆ ವಾರಕ್ಕೊಂದು ಅಂತ ಬರೆದದ್ದನ್ನು ಮೆಡಿಕಲಿನ ಹುಡುಗ ಕವರಿನ ಮೇಲೆ ದಿನಕ್ಕೊಂದು ಅಂತ ಗೀಚಿ ಕೊಟ್ಟಿದ್ದ, ಅವರು ಚಾಚೂ ತಪ್ಪದೆ ಮೂರು ವಾರ ಕುಡಿದ್ರು, ಮತ್ತೆ ವಾಂತಿ, ಬಾಯಾರಿಕೆ, ಹಗಲೆಲ್ಲ ಮಂಪರು. ರಕ್ತ ಪರೀಕ್ಷೆ ಮಾಡಿದ್ರೆ ಕ್ಯಾಲ್ಸಿಯಂ ಎಲ್ಲಿಗೋ ಹೋಗಿತ್ತು, ಆಸ್ಪತ್ರೆಯಲ್ಲಿ ಮಲಗಿಸಿ ಸಲೈನ್ ಕೊಡ್ಬೇಕಾಯ್ತು. ಆ ದಿನಗಳಲ್ಲಿ ನಾನು ಪಟ್ಟ ಹೆದರಿಕೆ ನನಗೇ ಗೊತ್ತು.

ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಬೇಕಾದ್ದು 600 ಯೂನಿಟ್. ನಿಮ್ಮ ಆ ಒಂದು ಬಾಟ್ಲಿಯಲ್ಲಿ 100 ದಿನದ್ದು ಉಂಟು. ಈ ವಿಟಮಿನ್ ಕೊಬ್ಬಲ್ಲಿ ಕರಗುವಂತದ್ದು, ಜಾಸ್ತಿ ಆದದ್ದು ಮೂತ್ರದಲ್ಲಿ ಹೋಗಿ ಬಿಡುದಿಲ್ಲ, ದೇಹದ ಕೊಬ್ಬಲ್ಲಿ ಸೇರಿ ಕೂತ್ಕೊಳ್ತದೆ, ಕಿಡ್ನಿಗೆ ಪೆಟ್ಟು ಕೊಡ್ತದೆ. ನ್ಯಾನೊ ಹನಿಯಲ್ಲಿ ಕೊಟ್ರೆ ಲಾಭ ಇಲ್ಲ ಅಂತ ಅಲ್ಲ, ಕೊಬ್ಬು ಸರಿಯಾಗಿ ಜೀರ್ಣ ಆಗದವರಿಗೆ, ಪಿತ್ತದ ತೊಂದರೆ ಇದ್ದವರಿಗೆ ಅದು ನಿಜವಾಗಿ ಸಹಾಯ ಮಾಡ್ತದೆ. ಚೀಟಿಯಲ್ಲಿ ವಾರಕ್ಕೆ ಅಂತ ಬರೆದಿದ್ರೆ ಕ್ಯಾಲೆಂಡರಲ್ಲಿ ಭಾನುವಾರಗಳಿಗೆ ಗೋಲ ಹಾಕಿ ಇಡಿ. ಅರ್ಥ ಆಗದಿದ್ರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕವರಿನ ಮೇಲೆ ಬರೆದದ್ದನ್ನು ನಂಬ್ಬೇಡಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಪುನರ್ಪುಳಿಯ (ಕೋಕಂ) ನ್ಯಾನೊ ಎಮಲ್ಷನ್ ಮಾಡಿ ಫಂಕ್ಷನಲ್ ಡ್ರಿಂಕ್, ಅಂದ್ರೆ ಆರೋಗ್ಯಕ್ಕೆ ಅಂತ ಕುಡಿಯುವ ಪಾನೀಯ ಮಾಡುವ ಅಂತ ಇದ್ದೇನೆ. ನಿಮ್ಮ ಸಲಹೆ ಬೇಕು ಮೇಡಂ. — ಮೂಡುಬಿದಿರೆ

ಉತ್ತರ: ಮಗಾ, ನಿನ್ನ ಪ್ರಶ್ನೆ ನೋಡಿ ತುಂಬ ಸಂತೋಷ ಆಯ್ತು. ಆದರೆ ಮೊದಲು ಒಂದು ಕೇಳ್ತೇನೆ, ಪುನರ್ಪುಳಿಯ ಯಾವ ಅಂಶವನ್ನು ದೋಣಿಗೆ ಹತ್ತಿಸ್ತಿ? ಆ ಕೆಂಪು ಬಣ್ಣ ಆಂಥೋಸಯನಿನ್, ಅದು ನೀರಲ್ಲೇ ಕರಗ್ತದೆ, ಅದಕ್ಕೆ ಎಣ್ಣೆಯ ಹನಿ ಎಂತಕ್ಕೆ? ಹುಳಿ ಇದ್ದಷ್ಟು ಹೊತ್ತು ಅದು ಕೆಂಪಾಗಿ ಗಟ್ಟಿ ಇರ್ತದೆ, ಕರುಳಿಗೆ ಇಳಿದು ಹುಳಿ ಹೋದಾಗ ಹಾಳಾಗ್ತದೆ, ಅದರ ಸಮಸ್ಯೆ ಬಾಳಿಕೆಯದ್ದು, ಕರಗುದರದ್ದಲ್ಲ. ಎಣ್ಣೆಯಲ್ಲಿ ಕರಗುವಂತದ್ದು ಸಿಪ್ಪೆಯಲ್ಲಿರುವ ಗಾರ್ಸಿನಾಲ್, ಹಳದಿ ಬಣ್ಣದ್ದು. ನ್ಯಾನೊ ಎಮಲ್ಷನಿಗೆ ಸರಿಯಾದ್ದು ಅದು.

ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆ ಹೇಳ್ತೇನೆ. ಪುನರ್ಪುಳಿ ಬೀಜ ಹೆಚ್ಚಿನ ಮನೆಯಲ್ಲಿ ಬಿಸಾಡುದೇ, ಅದರ ತುಪ್ಪ ನಮ್ಮ ಅಜ್ಜಿ ಹಿಮ್ಮಡಿ ಒಡೆದದ್ದಕ್ಕೆ ಹಚ್ತಿದ್ರು. ಆ ತುಪ್ಪ ಮಾಮೂಲಿ ಬಿಸಿಗೆ ಗಟ್ಟಿ, ಕರಗುದು 40 ಡಿಗ್ರಿ ಆಸುಪಾಸಲ್ಲಿ. ಕರಗಿಸಿ ಗಾರ್ಸಿನಾಲ್ ಸೇರಿಸು, ಲೆಸಿತಿನ್ ಹಾಕಿದ ಬಿಸಿ ನೀರಿಗೆ ಬಿಟ್ಟು ಹೋಮೊಜೆನೈಸ್ ಮಾಡಿ ಮತ್ತೆ ಶಬ್ದದ ಅಲೆಯಿಂದ ಹನಿ ಒಡೆಯುವ ಪ್ರೋಬ್ ಸೋನಿಕೇಟರ್ ಕೊಡು, ತಣಿಯುವಾಗ ಹನಿಗಳೆಲ್ಲ ಗಟ್ಟಿ ಕಣ ಆಗ್ತವೆ, ಇದಕ್ಕೆ ಸಾಲಿಡ್ ಲಿಪಿಡ್ ನ್ಯಾನೊಪಾರ್ಟಿಕಲ್ ಅಂತಾರೆ. ಹಣ್ಣಿನ ಸಾರ ಅದೇ ಹಣ್ಣಿನ ಬೀಜದ ತುಪ್ಪದೊಳಗೆ!

ಅಳತೆ ಮಾಡದೆ ನ್ಯಾನೊ ಅಂತ ಬರೀಬೇಡ, ಇದನ್ನು ನಾನು ಎಷ್ಟೋ ಪ್ರಾಜೆಕ್ಟಲ್ಲಿ ಕಂಡು ಬೇಸರ ಮಾಡ್ಕೊಂಡಿದ್ದೇನೆ. ಕಣದ ಗಾತ್ರ ಅಳೆಯುವ ಡಿಎಲ್ಎಸ್ ಯಂತ್ರ ನಿಮ್ಮ ಕಾಲೇಜಲ್ಲಿ ಇಲ್ಲದಿದ್ರೆ ಗೈಡ್ ಕೈಲಿ ಪತ್ರ ಬರೆಸಿ ದೊಡ್ಡ ಸಂಸ್ಥೆಯಲ್ಲಿ ಮಾಡಿಸು. ಜೀಟಾ ಪೊಟೆನ್ಷಿಯಲ್, ಅಂದ್ರೆ ಕಣದ ಮೈಯ ವಿದ್ಯುತ್ತಿನ ಅಳತೆ ನೋಡು, ಪ್ಲಸ್ ಅಥವಾ ಮೈನಸ್ 30 ಮಿಲಿವೋಲ್ಟಿಗಿಂತ ಆಚೆ ಇದ್ರೆ ಕಣಗಳು ಒಂದಕ್ಕೊಂದು ಅಂಟುದು ಕಡಿಮೆ. ಇವತ್ತು ಅಳೆದದ್ದನ್ನೇ 30 ದಿನ ಬಿಟ್ಟು ಪುನಃ ಅಳೆ, ಫ್ರಿಜ್ಜಲ್ಲಿ ಒಂದು ಇಡು, ಹೊರಗೊಂದು ಇಡು, ನಮ್ಮ ಮೇ ತಿಂಗಳ ಸೆಕೆಯಲ್ಲಿ ಆ ತುಪ್ಪ ಮೆತ್ತಗಾಗುದಾ ನೋಡು. ಮತ್ತೆ ಇನ್ಫೋಜೆಸ್ಟ್ ಅಂತ 2014ರಿಂದ ಎಲ್ಲರೂ ಬಳಸುವ ಒಂದು ವಿಧಾನ ಉಂಟು, ಗಾಜಿನ ಪಾತ್ರೆಯಲ್ಲೇ ಬಾಯಿ, ಹೊಟ್ಟೆ, ಕರುಳಿನ ಜೀರ್ಣ ಮಾಡಿ ನೋಡುದು. ಎರಡು ತಾಸು ಹೊಟ್ಟೆಯ ಹುಳಿಯಲ್ಲಿ (ಪಿಎಚ್ 3), ಎರಡು ತಾಸು ಕರುಳಿನ ಹುಳಿ ಇಲ್ಲದ ರಸದಲ್ಲಿ (ಪಿಎಚ್ 7) ನಿನ್ನ ಕಣ ಎಂತಾಗ್ತದೆ ಅಂತ ಗೊತ್ತಾದ್ರೆ ನಿನ್ನ ಪ್ರಾಜೆಕ್ಟ್ ಅರ್ಧಕ್ಕಿಂತ ಜಾಸ್ತಿ ಗೆದ್ದ ಹಾಗೆ. ರಿಸಲ್ಟ್ ಒಳ್ಳೇದು ಬರದಿದ್ರೂ ಬಂದ ಹಾಗೇ ಬರಿ, ಮತ್ತೆ ನನಗೆ ಒಂದು ಪ್ರತಿ ಕಳಿಸು.

ಪ್ರಶ್ನೆ: ನಮಗೆ ಗೊತ್ತಿಲ್ಲದೆ ನಾವು ಈಗಾಗ್ಲೇ ನ್ಯಾನೊ ತಿಂತಾ ಇದ್ದೇವಾ? ಲೇಬಲ್ಲಲ್ಲಿ ಹೇಗೆ ಕಂಡುಹಿಡಿಯುದು? — ಸುರತ್ಕಲ್

ಉತ್ತರ: ತಿಂತಾ ಇದ್ದೇವೆ, ಅದರಲ್ಲಿ ಹೆಚ್ಚಿನದ್ದು ದೇವರೇ ಕೊಟ್ಟದ್ದು. ಹಾಲಿನ ಕೇಸಿನ್ ಪ್ರೋಟೀನಿನ ಉಂಡೆಗಳು 50ರಿಂದ 500 ನ್ಯಾನೊಮೀಟರಿನವು, ಕ್ಯಾಲ್ಸಿಯಂ ಹೊತ್ತುಕೊಂಡು ಕರುವಿಗೆ ಮುಟ್ಟಿಸ್ಲಿಕ್ಕೆ ಪ್ರಕೃತಿ ಮಾಡಿದ ದೋಣಿ ಅದು. ಕೆನೆ ಪೂರ್ತಿ ತೆಗೆದ ಹಾಲು ಸಹ ಬೆಳ್ಳಗೆ ಕಾಣುದು ಅದರಿಂದ.

ಕಾರ್ಖಾನೆಯದ್ದು ಬೇರೆ. ಲೇಬಲ್ಲಲ್ಲಿ ಐಎನ್ಎಸ್ ಅಂತ ಇರುದು ಆಹಾರಕ್ಕೆ ಸೇರಿಸುವ ವಸ್ತುವಿನ ನಂಬರ್. ಐಎನ್ಎಸ್ 551 ಅಂತ ಇದ್ರೆ ಸಿಲಿಕಾ, ಸೂಪ್ ಪುಡಿ, ಮಸಾಲೆ ಪುಡಿ ಗಂಟು ಕಟ್ಟದ ಹಾಗೆ ಹಾಕುದು. ಐಎನ್ಎಸ್ 171 ಅಂದ್ರೆ ಟೈಟಾನಿಯಂ ಡೈಆಕ್ಸೈಡ್, ಚೂಯಿಂಗ್ ಗಮ್, ಮಿಠಾಯಿ ಬೆಳ್ಳಗೆ ಹೊಳಿಲಿಕ್ಕೆ. ಇದರಲ್ಲಿ ಒಂದು ಪಾಲು ನ್ಯಾನೊ ಗಾತ್ರದ ಕಣ ಇರ್ತದೆ. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2021ರ ಮೇ ತಿಂಗಳಲ್ಲಿ ಇದನ್ನು ಇನ್ನು ಸುರಕ್ಷಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂದಿತು, ಜೀನಿಗೆ ಹಾನಿ ಮಾಡುವ ಸಂಶಯವನ್ನು ತಳ್ಳಿ ಹಾಕ್ಲಿಕ್ಕೆ ಆಗ್ಲಿಲ್ಲ ಅಂತ ಕಾರಣ, 2022ರಲ್ಲಿ ಅಲ್ಲಿ ಆಹಾರಕ್ಕೆ ನಿಷೇಧ ಆಯ್ತು. ಬರೇ ಬಣ್ಣಕ್ಕೋಸ್ಕರ ಹಾಕುವ ವಸ್ತು, ಅದರಿಂದ ದೇಹಕ್ಕೆ ಒಂದು ಪೈಸೆ ಉಪಯೋಗ ಇಲ್ಲ, ಮಕ್ಕಳ ಮಿಠಾಯಿಯಲ್ಲಿ ಕಂಡ್ರೆ ನಾನು ವಾಪಸ್ ಇಡ್ತೇನೆ. ಸ್ವೀಟಿನ ಮೇಲಿನ ಬೆಳ್ಳಿ ವರ್ಕ್ ಸಹ ಹಾಗೇ ತೆಳು, ನಿಯಮದ ಪ್ರಕಾರ ಒಂದು ಚದರ ಮೀಟರಿಗೆ 2.8 ಗ್ರಾಮಿಗಿಂತ ಮೇಲೆ ಇರ್ಬಾರ್ದು, ಲೆಕ್ಕ ಹಾಕಿದ್ರೆ ದಪ್ಪ 270 ನ್ಯಾನೊಮೀಟರ್ ಹತ್ತಿರ.

ಯುರೋಪಲ್ಲಿ 2014ರ ಡಿಸೆಂಬರಿನಿಂದ, ಬೇಕಂತಲೇ ನ್ಯಾನೊ ಮಾಡಿ ಹಾಕಿದ ಪದಾರ್ಥದ ಹೆಸರಿನ ಪಕ್ಕ ಆವರಣದಲ್ಲಿ ನ್ಯಾನೊ ಅಂತ ಬರೀಲೇಬೇಕು. ನಮ್ಮ ಅಂಗಡಿಯ ಪ್ಯಾಕೆಟಲ್ಲಿ ಪದಾರ್ಥಪಟ್ಟಿಯೊಳಗೆ ಹಾಗೆ ಬರೆದದ್ದು ನಾನು ಕಂಡಿಲ್ಲ, ಇಲ್ಲಿ ಆ ಶಬ್ದ ಮಾರ್ಲಿಕ್ಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರ್ತದೆ. ಇದು ಬದಲಾಗ್ಬೇಕು, ನಮಗೆ ತಿಳಿಯುವ ಹಕ್ಕುಂಟು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರ ಜುಲೈಯಲ್ಲಿ ನ್ಯಾನೊ ಕೃಷಿ ಮತ್ತು ಆಹಾರ ಉತ್ಪನ್ನಗಳನ್ನು ಪರೀಕ್ಷಿಸುದು ಹೇಗೆ ಅಂತ ಮಾರ್ಗಸೂಚಿ ತಂದಿದೆ, ಅದು ಒಳ್ಳೇ ಶುರು.

ಪ್ರಶ್ನೆ: ನನಗೆ ಬಿಪಿ. ನ್ಯಾನೊ ಉಪ್ಪು ಅಂತ ಬಂದ್ರೆ ಸಾರಿಗೆ ಉಪ್ಪು ಕಡಿಮೆ ಸಾಕಾಗ್ತದಂತೆ, ಹೌದಾ? — ಪುತ್ತೂರು

ಉತ್ತರ: ಸಾರಿಗೆ ಆಗುದಿಲ್ಲ. ಉಪ್ಪಿನ ಹರಳು ಸಣ್ಣ ಆದ್ರೆ ನಾಲಗೆಯಲ್ಲಿ ಬೇಗ ಕರಗಿ ಜೋರು ಉಪ್ಪು ಅನ್ನಿಸ್ತದೆ, ಹಾಗಾಗಿ ಕಡಿಮೆ ಹಾಕಿದ್ರೂ ರುಚಿ ಸಿಗ್ತದೆ, ಆದರೆ ಸಾರಿನಲ್ಲಿ ಉಪ್ಪು ಮೊದಲೇ ಕರಗಿ ಆಗಿರ್ತದೆ, ಹರಳು ದೊಡ್ಡದಿತ್ತಾ ಸಣ್ಣದಿತ್ತಾ ನಾಲಗೆಗೆ ಗೊತ್ತೇ ಆಗುದಿಲ್ಲ. ಚಿಪ್ಸಿನ ಮೇಲೆ, ಹುರಿದ ಕಡಲೆಯ ಮೇಲೆ ಉದುರಿಸುವ ಉಪ್ಪಿಗೆ ಮಾತ್ರ ಅದು ಸರಿ. ಸಾರಿಗೆ ಉಪ್ಪು ಅರ್ಧ ಮಾಡಿ, ಒಂದು ಬೀಂಪುಳಿ (ಬಿಲಿಂಬಿ ಹುಳಿಕಾಯಿ) ಹಿಂಡಿ, ಇಂಗಿನ ಒಗ್ಗರಣೆ ಕೊಡಿ. ಉಪ್ಪಿನಕಾಯಿ ಭರಣಿ ಮಾತ್ರ ಮೇಲಿನ ಅಟ್ಟಕ್ಕೆ ಹೋಗ್ಲಿ.